ಕುತುಬುದ್ದೀನನ ಮಂಗಳವಾರ

ಅಣ್ಣಿಗೇರಿಯ ಹತ್ತಿ ಗಿರಣಿಯಲ್ಲಿ ಕೂಲಿಯವರ ಮೇಲೆ ಮುಕಾದಮನಾಗಿದ್ದ ಕುತುಬುದ್ದೀನನಿಗೆ ವಾರದಲ್ಲಿ ಮಂಗಳವಾರವೊಂದೇ ಶತ್ರು. ಅವತ್ತು ಮುಂಜಾನೆ ಯಂತ್ರಗಳನ್ನು ಚಾಲೂ ಮಾಡಿಸಿ, ಹೆಣ್ಣಾಳುಗಳನ್ನು ಅವರವರ ಜಾಗಕ್ಕೆ ನಿಲ್ಲಿಸಿ, ಒಂದೆರಡು ತಾಸು ಕಳೆಯುವುದರೊಳಗೆ ಅವನ ಎದೆಯ ಮೇಲೆ ಅರಳೆಯ ಅಂಡಿಗೆ ಒತ್ತುವ ಪ್ರೆಸ್ಸಿನ ಹಲಗೆ ಇಳಿದಂತಾಗುತ್ತಿತ್ತು. ಒಣಕೆಮ್ಮು, ಸಂಜೆಗೆ ಮೈ ಬೆಚ್ಚಗೆ, ಮನೆಗೆ ಹೋಗುವಾಗ ದಾರಿಯಲ್ಲಿ ಎರಡು ಕಡೆ ನಿಲ್ಲಬೇಕು. ಬುಧವಾರ ಹಲಗೆ ಚೂರು ಮೇಲೆದ್ದಂತೆ. ಶುಕ್ರವಾರ ಮಸೀದಿಯ ಮೆಟ್ಟಿಲು ಹತ್ತುವಾಗ ಉಸಿರು ಅವನ ಮಾತು ಕೇಳುತ್ತಿತ್ತು. ರವಿವಾರದ ಹೊತ್ತಿಗೆ ಹೆಣ್ಣಾಳುಗಳ ಮೇಲೆ ಗಿರಣಿಯ ಗದ್ದಲವನ್ನೂ ಮೀರಿಸಿ ಒದರುವಷ್ಟು ದಮ್ಮು ಬಂದಿರುತ್ತಿತ್ತು. ಸೋಮವಾರ ಗಿರಣಿಗೆ ಸೂಟಿ. ಮತ್ತೆ ಮಂಗಳವಾರ, ಮತ್ತೆ ಹಲಗೆ.

ಇಷ್ಟನ್ನು ವರ್ಷಗಟ್ಟಲೆ ಗಮನಿಸಿದ ಕುತುಬುದ್ದೀನ ಅದರಿಂದ ಒಂದು ಸಿದ್ಧಾಂತವನ್ನೇ ಕಟ್ಟಿದ್ದ. ಗಮನಿಸುವುದು ಒಳ್ಳೆಯ ಗುಣ, ಸಂಶಯವಿಲ್ಲ. ಸೂರ್ಯ ಮೂಡಣದಿಂದ ಪಡುವಣಕ್ಕೆ ಹೋಗುವುದನ್ನೂ ಜನ ಬಹಳ ಕಾಲ ಬಹಳ ಶ್ರದ್ಧೆಯಿಂದ ಗಮನಿಸಿದ್ದರು.

"ಸೂಟಿ ಮಾಡಿದ್ರ ಎದಿ ಕೆಡತೈತಿ" ಎಂದು ಅವನು ಗಿರಣಿಯ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕೂತು ಹೇಳುತ್ತಿದ್ದ. "ಒಂದ ದಿನ ಗಿರಣಿ ಬಿಟ್ಟೆ ಅಂದ್ರ ಮರುದಿನ ಶಿಕ್ಷಾ. ಹೊಳ್ಳಿ ಗಿರಣಿ ಗಾಳಿ ಮೈಗಿ ಹತ್ತಿದಂಗ ಹತ್ತಿದಂಗ ಆರಾಮ. ಆ ಗಾಳಿನ ನನಗ ಔಷಧ ನೋಡ್ರಿ."

ಕೇಳಿದವರು ತಲೆಯಾಡಿಸುತ್ತಿದ್ದರು. ಚಹಾದಂಗಡಿಯ ಬಾಕಿನ ಮೇಲೆ ಯಾರೂ ತಲೆಯಾಡಿಸದೆ ಬಿಟ್ಟ ಸಿದ್ಧಾಂತವನ್ನು ಈ ತಾಲೂಕು ಕಂಡಿಲ್ಲ.

ಅವನು ಔಷಧವೆಂದು ಕರೆದ ಗಾಳಿ ಎಂಥದ್ದೆಂದು ಹೇಳಬೇಕು. ತಗಡಿನ ಮಾಡಿನ ಕೆಳಗೆ ಸಾಲಾಗಿ ಯಂತ್ರಗಳು, ಅವುಗಳ ಬಾಯಿಗೆ ಹತ್ತಿ ಹಾಕುವ ಅಟ್ಟ. ಒಂದು ಕಡೆ ಕಾಳು ಉದುರುತ್ತದೆ, ಇನ್ನೊಂದು ಕಡೆ ಅರಳೆ ಹಾರುತ್ತದೆ. ಬೆಳಗಿನ ಬಿಸಿಲಿನ ಕೋಲು ಕಿಂಡಿಯಿಂದ ಒಳಗೆ ಬಿದ್ದರೆ ಅದನ್ನು ಕೈಯಲ್ಲಿ ಹಿಡಿದು ಮುರಿಯಬಹುದು ಎನ್ನಿಸುವಷ್ಟು ಧೂಳು. ಸಂಜೆ ಹೊರಬರುವ ಹೆಂಗಸರ ರೆಪ್ಪೆಗಳು ಒಂದೇ ದಿನದಲ್ಲಿ ಮುಪ್ಪಾಗಿರುತ್ತವೆ. ಒಮ್ಮೆ ಸರಕಾರದ ಕಡೆಯವರು ತಪಾಸಣೆಗೆ ಬಂದಾಗ ಎಲ್ಲರ ಮೂಗಿಗೂ ಬಿಳಿ ಬಟ್ಟೆಯ ಗೌಸು ಬಂದಿತ್ತು. ಬಂದವರ ಜೀಪು ರಸ್ತೆಗೆ ಇಳಿಯುತ್ತಲೇ ಗೌಸುಗಳನ್ನು ವಾಪಸು ಪಡೆದು, ಮಡಚಿ, ಕಪಾಟಿನೊಳಗೆ ಇಟ್ಟವನು ಮತ್ಯಾರೂ ಅಲ್ಲ, ಕುತುಬುದ್ದೀನನೇ. ಒಂದೂ ಕಳೆಯಲಿಲ್ಲವೆಂದು ಸಾವಕಾರ ಅವನ ಬೆನ್ನು ತಟ್ಟಿದ್ದ. ಆ ತಟ್ಟು ಅವನಿಗೆ ಒಂದು ಹಂಗಾಮಿಗೆ ಸಾಕಾಗಿತ್ತು.

ಸಾವಕಾರ ಕಾಶಿನಾಥ ಧೂಳಿನಲ್ಲಿ ಕೂರುವವನಲ್ಲ. ಅಂಗಳದ ಆಚೆ ಗಾಜಿನ ಕೋಣೆ, ಅದರೊಳಗೆ ತಂಪು ಗಾಳಿ, ಗೋಡೆಯ ಮೇಲೆ ಗಿರಣಿ ಕಟ್ಟಿದ ತಂದೆ ಮಡಿವಾಳೆಪ್ಪನವರ ಹಾರ ಹಾಕಿದ ಫೋಟೋ. ಹತ್ತಿ ಕೊಳ್ಳುವ ಹೊರಗಿನ ವ್ಯಾಪಾರಿಗಳು ಕೂತಿದ್ದಾಗ ಆತ ಬಾಗಿಲಿನಿಂದ "ಕುತುಬಣ್ಣಾ, ಸ್ವಲ್ಪ ಬರ್ರಿ ಇಲ್ಲಿ" ಎಂದು ಕರೆಯುತ್ತಿದ್ದ. ತಾನು ಕಪ್ಪಿನಲ್ಲಿ ಕುಡಿದು, ಬಶಿಯಲ್ಲಿ ಅರ್ಧ ಚಹಾ ಸುರಿದು ಅವನ ಕೈಗೆ ಕೊಡುತ್ತಿದ್ದ. "ಇವರು ನಮ್ಮ ಅಪ್ಪಾರ ಕಾಲದಿಂದ ಇದ್ದವ್ರು, ಮನಿ ಮನುಷ್ಯಾ" ಎನ್ನುತ್ತಿದ್ದ. ವ್ಯಾಪಾರಿಗಳ ಕಾರು ಹೋದ ಮೇಲೆ ಅದೇ ಬಾಗಿಲಿನಿಂದ ಅದೇ ಬಾಯಿ "ಲೇ ಕುತುಬ್ಯಾ, ಎಲ್ಲಿ ಸತ್ತಿ?" ಎನ್ನುತ್ತಿತ್ತು. ಕುತುಬುದ್ದೀನ ಮೊದಲನೆಯದನ್ನು ಮನಸ್ಸಿನ ಮಾತೆಂದೂ ಎರಡನೆಯದನ್ನು ಕೆಲಸದ ಒತ್ತಡವೆಂದೂ ತಿಳಿದಿದ್ದ. ಇದು ತಿರುವುಮುರುವು ಇರಬಹುದೆಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿದಿರಲಿಲ್ಲ.

ಹೆಂಡತಿ ಹಸನಬಿಗೆ ಸುಳಿದಿತ್ತು. ಮನೆಯಲ್ಲಿ ಕೂಸುಗಳ ಕುಂಚಿ, ಕುಲಾವಿ ಹೊಲಿದು ಮಾರುವ ಆಕೆ ಗಿರಣಿಯ ಮೆಟ್ಟಿಲನ್ನು ಒಮ್ಮೆಯೂ ಹತ್ತಿದವಳಲ್ಲ. ಆದರೂ ಗಿರಣಿ ಎಂಥದ್ದೆಂದು ಅವಳಿಗೆ ಗಂಡನ ಅಂಗಿಗಳನ್ನು ಒಗೆದೇ ಗೊತ್ತಾಗಿತ್ತು.

"ಗಿರಣಿ ಗಾಳಿ ಅಷ್ಟ ಚಲೋ ಇದ್ರ ನಿಮ್ಮ ಸಾವ್ಕಾರ್ರು ಯಾಕ ಗಾಜಿನ ಕಪಾಟಿನ್ಯಾಗ ಕುಂದರತಾರ?" ಎಂದು ಆಕೆ ಒಂದು ಮಂಗಳವಾರ ಸಂಜೆ ಬಿಸಿನೀರಿನ ಚರಿಗೆ ಮುಂದಿಡುತ್ತ ಕೇಳಿದಳು.

"ಅವರು ಲೆಕ್ಕಪತ್ರ ನೋಡಬೇಕಲಾ."

"ಅವರ ಮಗಾ? ಅವಗ ಸ್ವಲ್ಪ ಔಷಧ ಕೊಡಸರಿ. ಒಂದ ದಿನಾರ ಕರಕೊಂಡ ಬರ್ತಾರೇನು ಒಳಗ?"

"ಆ ಹುಡುಗಗ ಉಬ್ಬಸ ಐತಿ. ಡಾಕ್ಟರ್ ಧೂಳಿನ್ಯಾಗ ಬಿಡಬ್ಯಾಡ್ರಿ ಅಂದಾರ."

ಹೇಳಿದ ಮಾತು ಕುತುಬುದ್ದೀನನ ಕಿವಿಗೇ ಬಿತ್ತು. ಆಮೇಲೆ ಕೆಮ್ಮು ಬಂತು. ಉತ್ತರ ಕೊಡುವ ಕಷ್ಟ ತಪ್ಪಿತು.

ಮಗಳು ಮುಮತಾಜಳ ನಿಕಾಹದ ದಿನದ ಕಥೆಯನ್ನು ಹಸನಬಿ ಅವತ್ತು ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ, ಅದನ್ನು ಗಂಡನೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಬಂದವರು ಊಟಕ್ಕೆ ಕೂತ ಹೊತ್ತಿಗೆ ಗಿರಣಿಯಿಂದ ಫೋನು; ಯಂತ್ರದ ಬಾಯಲ್ಲಿ ಕಲ್ಲು ಸಿಕ್ಕಿತ್ತು. ಕುತುಬುದ್ದೀನ ಹೊಸ ಶೇರವಾನಿಯಲ್ಲೇ ಓಡಿದ. ತಿರುಗಿ ಬಂದಾಗ ಗಡ್ಡದ ತುಂಬ ಅರಳೆ, ಮಗಳು ಗಂಡನ ಮನೆಗೆ ನವಲಗುಂದದ ದಾರಿ ಹಿಡಿದಾಗಿತ್ತು. "ನಾ ಇಲ್ಲಂದ್ರ ಗಿರಣಿ ನಡಿಯೂದುಲ್ಲ" ಎಂದು ಈ ಕಥೆಯ ಕೊನೆಗೆ ಎದೆ ಉಬ್ಬಿಸುತ್ತಿದ್ದ, ಎದೆ ಉಬ್ಬುವ ದಿನಗಳಲ್ಲಿ. ಮನುಷ್ಯ ಯಾವುದಕ್ಕೆ ಹೆಚ್ಚು ಬೆಲೆ ತೆತ್ತಿರುತ್ತಾನೋ ಅದನ್ನೇ ಅಮೂಲ್ಯವೆಂದು ಸಾಧಿಸಬೇಕಾಗುತ್ತದೆ; ಇಲ್ಲದಿದ್ದರೆ ತೆತ್ತವನು ಮೂರ್ಖನೆಂದು ಒಪ್ಪಬೇಕು. ಮಗಳ ಮದುವೆಯ ಊಟವನ್ನೇ ತೆತ್ತ ಮೇಲೆ ಗಿರಣಿಯನ್ನು ಕೆಟ್ಟದ್ದೆನ್ನುವುದು ಅಷ್ಟು ಸುಲಭವಲ್ಲ.

ಮಾಘದ ಹಂಗಾಮು ಜೋರಾಗಿದ್ದಾಗ ಒಂದು ಸೋಮವಾರ ಹಸನಬಿ ಅವನನ್ನು ಹಟ ಹಿಡಿದು ಹುಬ್ಬಳ್ಳಿಗೆ ಎಳೆದೊಯ್ದಳು. ಅಲ್ಲಿ ಎದೆರೋಗದ ಡಾಕ್ಟರು, ತಹಸೀನ್ ಎಂಬ ಹೆಣ್ಣುಮಗಳು. ಅದಕ್ಕೂ ಮುಂಚೆ ಊರಿನಲ್ಲಿ ನೋಡಿದ ವೈದ್ಯರೆಲ್ಲ ಕೆಮ್ಮು ಎಂದ ಕೂಡಲೇ ಬಾಟಲಿ ಬರೆದುಕೊಟ್ಟವರು, ಕೆಲಸ ಏನೆಂದು ಕೇಳುವ ತೊಂದರೆ ತೆಗೆದುಕೊಂಡವರಲ್ಲ. ಈಕೆ ಮೊದಲು ಅದನ್ನೇ ಕೇಳಿದರು. ಎರಡನೆಯದಾಗಿ, "ಯಾವ ದಿನ ಹೆಚ್ಚು ತ್ರಾಸ ಆಗತೈತ್ರಿ?" ಎಂದರು.

ಇಷ್ಟು ದಿನಕ್ಕೆ ತನ್ನ ಸಿದ್ಧಾಂತಕ್ಕೆ ತಕ್ಕ ಶ್ರೋತೃ ಸಿಕ್ಕರೆಂದು ಕುತುಬುದ್ದೀನ ಮಂಗಳವಾರದ ಪುರಾಣವನ್ನೆಲ್ಲ ಬಿಚ್ಚಿದ. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಕಾಕಾ, ಇದು ಹತ್ತಿ ಧೂಳಿನ ರೋಗ. ಬಟ್ಟಿ ಗಿರಣಿ ಇದ್ದ ದೇಶದಾಗೆಲ್ಲಾ ಇದಕ್ಕ ಸೂಟಿ ಮರುದಿನದ ಹೆಸರ ಇಟ್ಟಿದ್ರು. ನಿಮಗ ಮಂಗಳವಾರ, ರವಿವಾರ ಸೂಟಿ ಇದ್ದ ಅವರಿಗೆ ಸೋಮವಾರ. ಅಷ್ಟ ಫರಕ."

"ಮತ್ತ ರವಿವಾರದಷ್ಟೊತ್ತಿಗೆ ಆರಾಮ ಆಗತೈತಲ್ರಿ?"

"ಮೆಣಸಿನಕಾಯಿ ಅಡತಿ ಅಂಗಡಿಗೆ ಹೋಗೀರಿ?"

"ಹೋಗೇನ್ರಿ, ಕುಂದಗೋಳಕ್ಕ."

"ಒಳಗ ಹೋದ ಕೂಡಲೇ ಸೀನು ಬರತೈತಿ. ಗಾದಿ ಮ್ಯಾಲೆ ಕುಂತ ಮಾಲಕಗ ಬರೂದಿಲ್ಲ. ಹಂಗಂದ್ರ ಅವನ ಪಾಲಿಗೆ ಮೆಣಸಿನಕಾಯಿ ಸಿಹಿ ಆಗೇತೇನು?"

ಹಸನಬಿ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಕುತುಬುದ್ದೀನ ನಗಲಿಲ್ಲ.

"ನಿಮ್ಮ ಎದಿ ಆರಾಮ ಆಗಿರೂದಿಲ್ಲ ಕಾಕಾ. ಒದರಿ ಒದರಿ ಸುಮ್ಮಾಗಿರತೈತಿ. ಒಂದ ದಿನ ಸೂಟಿ ಸಿಕ್ರ ಅದಕ್ಕ ಹೊಳ್ಳಿ ಒದರಾಕ ಶಕ್ತಿ ಬರತೈತಿ. ಈಗ ಬಿಟ್ರ ಬಹಳಷ್ಟು ಸರಿ ಹೋಗತೈತಿ. ಎಲ್ಲಾ ದಿನಾನೂ ಮಂಗಳವಾರ ಆದ ಮ್ಯಾಲೆ ಬಂದ್ರ ನನ್ನ ಕೈಯಾಗ ಏನೂ ಇರೂದಿಲ್ಲ. ಹೋದ ಉಸಿರು ಹೊಳ್ಳಿ ಬರೂದಿಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಯಾರಿಗೂ ಏನನ್ನೂ ಹೇಳಲಾರರು. ಕುತುಬುದ್ದೀನ ಹೊರಗೆ ಬಂದವನೇ, "ಆಕಿ ಗಿರಣಿ ಒಳಗ ಎಂದರ ಕಾಲಿಟ್ಟಾಳೇನು?" ಎಂದ. ತನ್ನ ಎದೆಗೆ ಬಂದ ರೋಗದ ಹೆಸರು ಅವನಿಗೆ ಗಿರಣಿಗೆ ಬೈದಂತೆ ಕೇಳಿಸಿತ್ತು.

ಆದರೆ ಹಸನಬಿ ಆಗಲೇ ತಮ್ಮನಿಗೆ ಫೋನು ಹಚ್ಚಿದ್ದಳು. ಯೂನುಸ್ ಅಳ್ನಾವರದ ಸ್ಟೇಶನ್ ಹತ್ತಿರ ನೀರಿನ ಪೈಪು, ನಲ್ಲಿ, ಕೊಳವೆಗಳ ಅಂಗಡಿ ಇಟ್ಟವನು. ಮಾಲು ತರಲು ಅವನು ಸದಾ ತಿರುಗುತ್ತಿದ್ದುದರಿಂದ ಅಂಗಡಿಯಲ್ಲಿ ಕೂರಲು ನಂಬಿಗಸ್ತರೊಬ್ಬರು ಬೇಕಾಗಿದ್ದರು. "ದುಲಾಭಾಯಿ ಬಂದು ಕುರ್ಚಿ ಮ್ಯಾಲೆ ಕುಂತರ ಸಾಕು ಆಪಾ. ಮೊದಲ ಬಂದ ನೋಡ್ಲಿ. ಸೇರಿದ್ರ ಇಲ್ಲೇ ಮನಿ ಮಾಡೂಣು" ಎಂದು ಭಾವನನ್ನು ಕರೆದ.

ಸಾವಕಾರ ಮುಖ ಗಂಟಿಕ್ಕಿ ರಜೆ ಕೊಟ್ಟ. ಕುತುಬುದ್ದೀನ ಅಪರಾಧ ಮಾಡಿ ಊರು ಬಿಡುವವನಂತೆ ರೈಲು ಹತ್ತಿದ.

ಅಳ್ನಾವರದ ಗಾಳಿಯಲ್ಲಿ ಹತ್ತಿಯಿಲ್ಲ. ಕಾಡಿನ ಅಂಚಿನ ಊರು. ಬೆಳಗಿನ ಹೊತ್ತು ಒದ್ದೆ ಎಲೆಯ ವಾಸನೆ, ಗೋವೆಯ ಕಡೆ ಹೋಗುವ ಗೂಡ್ಸ್ ಗಾಡಿಗಳ ಸದ್ದು. ಮೊದಲ ದಿನಗಳಲ್ಲಿ ಕೆಮ್ಮು ಇತ್ತು, ಆಮೇಲೆ ಕಡಿಮೆಯಾಯಿತು. ಎರಡನೆಯ ವಾರಕ್ಕೆ ಸ್ಟೇಶನ್ನಿನ ಮೇಲ್ಸೇತುವೆಯನ್ನು ಎಲ್ಲಿಯೂ ನಿಲ್ಲದೆ ಹತ್ತಿದ. ಹತ್ತಿ ಮೇಲೆ ನಿಂತು, ತಾನು ನಿಲ್ಲದೆ ಹತ್ತಿದೆನೆಂಬುದನ್ನು ಗಮನಿಸಲೂ ಇಲ್ಲ. ಇಲ್ಲದ ನೋವನ್ನು ಯಾರೂ ಗಮನಿಸುವುದಿಲ್ಲ. ಅದಕ್ಕೆ ಚಹಾದಂಗಡಿಯಲ್ಲಿ ಹೇಳಿಕೊಳ್ಳುವಂಥ ಕಥೆಯಿರುವುದಿಲ್ಲ.

ಅವನು ಗಮನಿಸಿದ್ದು ಬೇರೆ. ಅಂಗಡಿಗೆ ಬಂದ ಗಿರಾಕಿಗಳು "ಯೂನುಸಭಾಯಿ ಇಲ್ಲೇನ್ರಿ? ನೀವ್ಯಾರು?" ಎನ್ನುತ್ತಿದ್ದರು. ನೀವ್ಯಾರು ಎಂಬ ಆ ಪ್ರಶ್ನೆ ಅವನಿಗೆ ಮಂಗಳವಾರದ ಹಲಗೆಗಿಂತ ಭಾರವಾಯಿತು. ಒದರಲು ಹೆಣ್ಣಾಳುಗಳಿಲ್ಲ, ಬಶಿಯಲ್ಲಿ ಬಂದು ನಿಲ್ಲುವ ಅರ್ಧ ಚಹಾ ಇಲ್ಲ. ಯೂನುಸ್ ಇಡೀ ಕಪ್ಪು ಚಹಾ ತರಿಸಿ ಕೊಡುತ್ತಿದ್ದ; ಇಡೀ ಕಪ್ಪಿನಲ್ಲಿ ಏನೋ ರುಚಿ ಕಡಿಮೆ. ದಿನಾ ಗಿರಣಿಗೆ ಫೋನು ಮಾಡಿ ಯಂತ್ರ ಹೇಗಿದೆಯೆಂದು ಕೇಳಿದ. ಯಂತ್ರ ಚೆನ್ನಾಗಿತ್ತು. ಅವನಿಲ್ಲದೆಯೂ ಹತ್ತಿ ಒಳಗೆ ಹೋಗಿ ಅರಳೆ ಹೊರಗೆ ಬರುತ್ತಿತ್ತು. ಈ ಸುದ್ದಿಯನ್ನು ಅವನು ನಂಬಲಿಲ್ಲ. ತನಗೆ ಚಿಂತೆಯಾಗದಿರಲೆಂದು ಸುಳ್ಳು ಹೇಳುತ್ತಾರೆಂದುಕೊಂಡ.

ಕೊನೆಗೊಂದು ಸಂಜೆ ಸಾವಕಾರನ ಫೋನು ಬಂತು.

"ಲೇ ಕುತುಬ್ಯಾ, ಗೋದಾಮಿನ ಹಿಂದಿನ ಬಾಗಿಲದ ಕೀಲಿಕೈ ಎಲ್ಲಿ ಇಟ್ಟಿ?"

"ಫೋಟೋದ ಹಿಂದ ಮೊಳಿಗೆ ಹಾಕೇನ್ರಿ, ಧಣ್ಯಾರ. ನಾ ಬರ್ಲೇನ್ರಿ?"

ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

"ಕರದಾರ" ಎಂದು ಕುತುಬುದ್ದೀನ ಎದ್ದು ನಿಂತ.

ಯೂನುಸ್ ಅಂಗಡಿಯ ಬಾಗಿಲೆಳೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. "ಕೀಲಿಕೈ ಕೇಳ್ಯಾರ, ದುಲಾಭಾಯಿ. ನಿಮ್ಮನ್ನಲ್ಲ."

"ನಿನಗ ತಿಳಿಯೂದಿಲ್ಲ ಬಿಡಪಾ. ದೊಡ್ಡವ್ರು ನೇರ ಕರಿಯೂದಿಲ್ಲ."

"ಮೇಲ್ಸೇತುವಿ ಹತ್ತಿ ಬಂದ್ರಿ ಇವತ್ತ. ಹೋದ ವಾರ ನಡುವ ಕುಂತಿದ್ರಿ. ಅದರ ನೆನಪೈತೇನು?"

"ಕುರ್ಚಿ ಮ್ಯಾಲೆ ಕುಂತ ಕುಂತ ಮೈ ಹಗುರ ಆಗೇತಿ. ಅಷ್ಟ."

ಮರುದಿನದ ಗಾಡಿಗೆ ಅವನು ಅಣ್ಣಿಗೇರಿಗೆ ಬಂದಿಳಿದ. ಯೂನುಸ್ ಮಾತ್ರ ಕುರ್ಚಿಯನ್ನು ಮುಂದಿನ ದೀಪಾವಳಿಯವರೆಗೆ ಯಾರಿಗೂ ಕೊಡುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದ.

ಗಿರಣಿಯೊಳಗೆ ಹೋದ ಅವತ್ತೇ ಮಧ್ಯಾಹ್ನ ಹಲಗೆ ಇಳಿಯಿತು. ಹಿಂದೆಂದೂ ಇಳಿಯದಷ್ಟು ಭಾರವಾಗಿ ಇಳಿಯಿತು. ಅವನು ಅಟ್ಟದ ಕಂಬ ಹಿಡಿದು ಕೂತ, ಕಣ್ಣಲ್ಲಿ ನೀರು, ತುಟಿ ಕಪ್ಪಿಟ್ಟಿತ್ತು. ಹೆಣ್ಣಾಳು ಶಾರದವ್ವ ನೀರು ತಂದು ಕುಡಿಸಿದಳು. ಉಸಿರು ಸ್ವಲ್ಪ ಹತ್ತಿದ ಕೂಡಲೇ ಕುತುಬುದ್ದೀನ ಹೇಳಿದ ಮೊದಲ ಮಾತು, "ನೋಡಿದ್ಯಾ? ಅಷ್ಟ ದಿನ ಬಿಟ್ಟಿದ್ದಕ್ಕ ಹೆಂಗ ಆತು!"

ಎರಡು ವಾರ ಗುಣವಾಗಿದ್ದ ಪುಪ್ಪುಸ ವಿಷವನ್ನು ಗುರುತಿಸಿ ಕೂಗಿಕೊಂಡಿತ್ತು. ಅವನು ಆ ಕೂಗನ್ನು ಅಳ್ನಾವರದ ವಿರುದ್ಧದ ಸಾಕ್ಷಿಯೆಂದು ದಾಖಲಿಸಿದ. ಒಂದು ಪ್ರಯೋಗ ಇಷ್ಟು ಸ್ವಚ್ಛವಾಗಿ ನಡೆದು, ಫಲಿತಾಂಶ ಇಷ್ಟು ಕಣ್ಣಿಗೆ ಹೊಡೆಯುವಂತೆ ಬಂದು, ಅದನ್ನು ಇಷ್ಟು ಪರಿಪೂರ್ಣವಾಗಿ ತಲೆಕೆಳಗಾಗಿ ಓದಿದ ಉದಾಹರಣೆ ಅಪರೂಪ.

ಸುದ್ದಿ ಗಾಜಿನ ಕೋಣೆಗೂ ಹೋಯಿತು. ಕಾಶಿನಾಥನಿಗೆ ಸಿದ್ಧಾಂತಗಳಲ್ಲಿ ಆಸಕ್ತಿಯಿರಲಿಲ್ಲ, ಆದರೆ ಉಪಯೋಗಕ್ಕೆ ಬರುವ ವಸ್ತುವನ್ನು ಕಂಡರೆ ಗುರುತಿಸುವ ಕಣ್ಣಿತ್ತು. ಕುತುಬುದ್ದೀನನನ್ನು ಒಳಗೆ ಕರೆದು, ಕುರ್ಚಿಯ ಮೇಲೆ ಕೂರಿಸಿ, ಮೊಬೈಲನ್ನು ಮುಂದೆ ಹಿಡಿದ.

"ಕುತುಬಣ್ಣಾ, ಸೂಟಿ ಮಾಡಿದ್ರ ಏನಾಗತೈತಿ ಅನ್ನೂದನ್ನ ಎಲ್ಲಾರಿಗೂ ತಿಳಿಯೂಹಂಗ ಹೇಳ್ರಿ."

ವ್ಯಾಪಾರಿಗಳು ಯಾರೂ ಇಲ್ಲದ ಹೊತ್ತಿನಲ್ಲಿ ಕುತುಬಣ್ಣ ಎನ್ನಿಸಿಕೊಂಡದ್ದು ಅದೇ ಮೊದಲು. ಅವನು ಗಂಟಲು ಸರಿಮಾಡಿಕೊಂಡು, ಮೈತುಂಬ ಅಭಿಮಾನದಿಂದ ಎಲ್ಲವನ್ನೂ ಹೇಳಿದ. ಅದೇ ಸಂಜೆ ಗಿರಣಿಯವರೆಲ್ಲರ ಮೊಬೈಲಿಗೆ ಆ ವಿಡಿಯೋ ಬಂತು. ಅದರ ಬೆನ್ನಿಗೇ ಸಾವಕಾರನ ಸೂಚನೆ: ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ, ಹಂಗಾಮು ಮುಗಿಯುವವರೆಗೆ ಸೋಮವಾರದ ಸೂಟಿ ರದ್ದು.

ಈ ಸೋಮವಾರದ ಹಿನ್ನೆಲೆ ಊರಿನವರಿಗೆಲ್ಲ ಗೊತ್ತು. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಮಡಿವಾಳೆಪ್ಪನವರು ಗಿರಣಿ ಕಟ್ಟಿದ ಕಾಲಕ್ಕೆ ಹತ್ತಿ ಬರುತ್ತಿದ್ದುದು ಚಕ್ಕಡಿಯಲ್ಲಿ. ಚಕ್ಕಡಿ ಹೂಡದ ದಿನ ಹತ್ತಿಯಿಲ್ಲ, ಹತ್ತಿಯಿಲ್ಲದ ದಿನ ಗಿರಣಿಯಿಲ್ಲ. ಹೀಗೆ ಮನುಷ್ಯರಿಗೆ ಸಿಕ್ಕ ಸೂಟಿ ಎತ್ತಿನ ಸೂಟಿಯ ಬಾಲ ಹಿಡಿದು ಬಂದದ್ದು. ಚಕ್ಕಡಿ ಹೋಗಿ ಟ್ರ್ಯಾಕ್ಟರು, ಲಾರಿ ಬಂದ ಮೇಲೂ ತಂದೆಯ ಫೋಟೋಕ್ಕೆ ಅಂಜಿ ಮಗ ಅದನ್ನು ಉಳಿಸಿಕೊಂಡು ಬಂದಿದ್ದ. ಈಗ ಅಂಜುವ ಕಾರಣ ಉಳಿಯಲಿಲ್ಲ. ಕೂಲಿಯವರ ಪೈಕಿಯೇ ಒಬ್ಬ ಹಿರಿಯ, ಅದೂ ತಾನಾಗಿಯೇ, ಸೂಟಿ ಬೇಡವೆಂದು ಸಾರಿದ್ದ.

ಮೊದಲ ಸೂಟಿಯಿಲ್ಲದ ಸೋಮವಾರ ಶಾರದವ್ವ ಗಿರಣಿಗೆ ಬಂದಳು, ಆದರೆ ಒಳಗೆ ಹೋಗಲಿಲ್ಲ. ಸೀರೆಯ ಮೇಲೆ ಕಟ್ಟುವ ಕೆಲಸದ ಬಟ್ಟೆಯನ್ನು ಕುತುಬುದ್ದೀನನ ಕೈಗೆ ಕೊಟ್ಟಳು. ಅವಳಿಗೂ ಕೆಮ್ಮಿತ್ತು, ಅವಳಿಗೂ ಮಂಗಳವಾರವಿತ್ತು. ಸಿದ್ಧಾಂತ ಮಾತ್ರ ಇರಲಿಲ್ಲ.

"ಎಲ್ಲಿ ಹೊಂಟಿ?" ಎಂದು ಅವನು ಗದರಿದ.

"ಕಡ್ಲಿ ಕೀಳಾಕ. ಹೊಲಕ್ಕ."

"ಎದಿ ಕೆಡತೈತಿ ನೋಡ ಮತ್ತ. ನನ್ನ ಮಾತ ಕೇಳು."

"ಕೇಳೀನಿ ಬಿಡ ಯಣ್ಣಾ, ಮೊಬೈಲಿನ್ಯಾಗ ಎಲ್ಲಾರೂ ಕೇಳ್ಯಾರ." ಶಾರದವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮ ಮನ್ಯಾಗ ಎರಡ ಎತ್ತ ಅದಾವ. ಇವತ್ತ ಸೋಮವಾರ ಅಂತ ಬೇವಿನ ಗಿಡದ ಬುಡಕ್ಕ ಮಲಗ್ಯಾವ. ಕುತುಬಣ್ಣನ ಮಾತ ಅವಕ್ಕ ಹೇಳಾಕ ಹೋದ್ರ ಒದಿತಾವ. ನನಗ ಅಷ್ಟ ಬುದ್ಧಿ ಬರಾಕ ಇಷ್ಟ ವರ್ಷ ಹಿಡೀತು."

ಸುತ್ತ ನಿಂತಿದ್ದ ಹೆಂಗಸರು ನಕ್ಕರು. ನಕ್ಕು, ಸಾಲಾಗಿ ಒಳಗೆ ಹೋದರು. ಅವರನ್ನು ಇಷ್ಟು ಬೇಗ ಮೆಚ್ಚುವುದು ಬೇಡ. ನಗುವುದಕ್ಕೂ ಹೊರಗೆ ನಡೆಯುವುದಕ್ಕೂ ನಡುವಿನ ದಾರಿ ಉದ್ದವಾದದ್ದು.

ಸೋಮವಾರ ಹೋದ ಮೇಲೆ ಕುತುಬುದ್ದೀನನಿಗೆ ಮಂಗಳವಾರವೂ ಹೋಯಿತು. ಕೆಲವು ವಾರ ಅವನು ಗೆದ್ದವನಂತೆ ತಿರುಗಿದ. ಚಹಾದಂಗಡಿಯ ಬಾಕಿನ ಮೇಲೆ ಎದೆ ತಟ್ಟಿ ತೋರಿಸಿದ. ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಹಲಗೆ ಮತ್ತೆ ಇಳಿಯತೊಡಗಿತು, ಈ ಸಲ ಯಾವ ದಿನವೆಂದು ಕೇಳದೆ. ಬುಧವಾರ ಸಡಿಲಾಗಲಿಲ್ಲ. ಶುಕ್ರವಾರ ಮಸೀದಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಡಾಕ್ಟರು ಹೇಳಿದ್ದ ಮಾತು ಹಸನಬಿಗೆ ನೆನಪಿತ್ತು: ಎಲ್ಲಾ ದಿನಾನೂ ಮಂಗಳವಾರ ಆದ ಮ್ಯಾಲೆ. ಕುತುಬುದ್ದೀನನಿಗೆ ತನ್ನ ಸಿದ್ಧಾಂತವೇ ಉತ್ತರ ಕೊಟ್ಟಿತು. ಔಷಧ ಸಾಲುತ್ತಿಲ್ಲ. ಹೋಗಿ ಸಾವಕಾರನ ಮುಂದೆ ಕೈಮುಗಿದು ರಾತ್ರಿ ಪಾಳಿಯನ್ನೂ ಕೊಡಿರೆಂದು ಬೇಡಿದ. ಕಾಶಿನಾಥ ಕೊಟ್ಟ, ಬೇಡಿದವರಿಗೆ ಇಲ್ಲವೆನ್ನುವ ಮನೆತನ ಅದಲ್ಲ.

ಹಂಗಾಮಿನ ಕೊನೆಯ ಅಂಡಿಗೆಗಳನ್ನು ನೋಡಲು ವ್ಯಾಪಾರಿಗಳು ಬಂದ ದಿನ ಬಶಿಯ ಚಹಾ ಕೈಗೆ ಬಂತು. ಕುತುಬುದ್ದೀನ ತುಟಿಗಿಡುತ್ತಲೇ ಕೆಮ್ಮು ಒತ್ತರಿಸಿತು. ಚಹಾ ವ್ಯಾಪಾರಿಯ ಬಿಳಿ ಅಂಗಿಯ ಮೇಲೆ ಹಾರಿತು. ಕೆಮ್ಮು ನಿಲ್ಲಲಿಲ್ಲ. ಗಾಜಿನ ಕೋಣೆಯಲ್ಲಿದ್ದವರೆಲ್ಲ ಮೂಗಿಗೆ ಕರ್ಚೀಫು ಹಿಡಿದು ಹಿಂದೆ ಸರಿದರು.

ಅವರನ್ನು ಕಳಿಸಿ ಬಂದು ಸಾವಕಾರ, "ನೀ ಇನ್ನ ಮನ್ಯಾಗ ಇರು" ಎಂದ.

"ಎಷ್ಟ ದಿನ್ರಿ, ಧಣ್ಯಾರ?"

"ಇರು ಅಂದ್ರ ಇರು. ನಿನ್ನ ಕೆಮ್ಮ ಕೇಳಿದ್ರ ಮಂದಿ ಹತ್ತಿ ಬದಲಿ ರೋಗ ಕೊಂಡ ಹೊಂಟೇವಿ ಅಂತ ತಿಳೀತಾರ."

"ಮನ್ಯಾಗ ಇದ್ರ ಇನ್ನೂ ಕೆಡತೈತ್ರಿ. ನೀವ ವಿಡಿಯೋ ಮಾಡೀರಿ."

ಕಾಶಿನಾಥನಿಗೆ ನಗು ಬಂತು, ತಡೆದುಕೊಂಡ. ಮೊಬೈಲು ಕೈಗೆತ್ತಿಕೊಂಡ.

ಮನುಷ್ಯ ಇಲ್ಲಿಗಾದರೂ ತಿಳಿಯಬೇಕು. ಕುತುಬುದ್ದೀನ ತಿಳಿಯಲಿಲ್ಲ. ಮಳೆಗಾಲ ಬಂದು ಗಿರಣಿ ಮುಚ್ಚಿತು; ಅವನು ಮನೆಯಲ್ಲಿ ಗೋಡೆಗೆ ಒರಗಿ ಕೂತ, ರಾತ್ರಿಯೂ ಒರಗಿಯೇ ನಿದ್ದೆ. ಒಂದು ಮುಂಜಾನೆ ಹಸನಬಿ ಹಾಸಿಗೆ ಝಾಡಿಸುವಾಗ ಅವನ ತಲೆದಿಂಬಿನಿಂದ ಬೂದಿಬಣ್ಣದ ಹೊಗೆಯಂಥದ್ದು ಎದ್ದಿತು. ಹೊಲಿಗೆ ಬಿಚ್ಚಿ ನೋಡಿದಳು. ಒಳಗೆ ಗಿರಣಿಯ ನೆಲ ಗುಡಿಸಿದ ಕಸ: ಅರಳೆಯ ಹಿಂಜು, ಒಡೆದ ಎಲೆಪುಡಿ, ಧೂಳು. ಕುತುಬುದ್ದೀನ ಕಾವಲಿನವನಿಂದ ಚೀಲದಲ್ಲಿ ತರಿಸಿ, ದಿಂಬಿಗೆ ತುಂಬಿ, ಅವಳದೇ ಸೂಜಿ ದಾರದಿಂದ ಹೊಲಿದುಕೊಂಡಿದ್ದ. ರಾತ್ರಿಯೆಲ್ಲ ಅದಕ್ಕೆ ಮೂಗು ಒತ್ತಿ ಮಲಗುತ್ತಿದ್ದ.

ಹಸನಬಿ ದಿಂಬನ್ನು ನೀರೊಲೆಗೆ ತುರುಕಿದಳು. ಅದು ಭಗ್ಗೆಂದು ಒಂದೇ ಉಸಿರಿಗೆ ಉರಿಯಿತು.

"ಅದ ನನ್ನ ಔಷಧ ಆಗಿತ್ತು" ಎಂದು ಅವನು ಬಾಗಿಲಿನಲ್ಲಿ ನಿಂತು ಹೇಳಿದ. ವಾಕ್ಯದ ನಡುವೆ ಎರಡು ಸಲ ಉಸಿರು ತೆಗೆದುಕೊಂಡ.

"ಹೌದು. ನೀರ ಕಾಯಾಕ ಚಲೋ ಐತಿ."

ತಹಸೀನ್ ಡಾಕ್ಟರು ಎರಡನೆಯ ಸಲ ಬೈಯಲಿಲ್ಲ, ಮೆಣಸಿನಕಾಯಿಯ ಉದಾಹರಣೆಯನ್ನೂ ತೆಗೆಯಲಿಲ್ಲ. ಮೂಗಿಗೆ ಹಚ್ಚಿಕೊಳ್ಳುವ ಆಕ್ಸಿಜನ್ ನಳಿಕೆ, ಬಾಯಿಂದ ಒಳಗೆ ಜಗ್ಗುವ ಔಷಧ ಬರೆದುಕೊಟ್ಟು, ಹತ್ತಿಯ ಊರಿನಿಂದ ದೂರ ಇರಿ ಎಂದಷ್ಟೇ ಹೇಳಿದರು. ಉಳಿದ ಉಸಿರನ್ನು ಉಳಿಸಿಕೊಳ್ಳುವುದಷ್ಟೇ ಇನ್ನು ಕೆಲಸ.

ದೀಪಾವಳಿಯಾದ ಮೇಲೆ ಒಂದು ಸೋಮವಾರ ಅವರನ್ನು ಅಳ್ನಾವರಕ್ಕೆ ಒಯ್ಯಲು ಯೂನುಸ್ ಗಾಡಿ ತಂದ. ಕುರ್ಚಿ ಈಗಲೂ ಇತ್ತು, ಆದರೆ ಅಂಗಡಿಯಲ್ಲಿ ಕೂರಲು ಬೇರೆಯವರನ್ನು ನೋಡಿಯಾಗಿತ್ತು. ಇದು ಹಿತ್ತಿಲ ಬಾಗಿಲ ಹತ್ತಿರ, ಕಾಡಿನ ಕಡೆ ಮುಖ ಮಾಡಿ ಇಟ್ಟ ಕುರ್ಚಿ. ಪಾತ್ರೆ, ಹೊಲಿಗೆ ಯಂತ್ರ, ಎರಡು ಟ್ರಂಕು ಹಿಂದೆ ಹೇರಿ, ಕುತುಬುದ್ದೀನನನ್ನು ಮುಂದೆ ಕಿಡಕಿಯ ಬಾಜು ಕೂರಿಸಿದರು.

ರಸ್ತೆ ಗಿರಣಿಯ ಮುಂದೆಯೇ ಹೋಗುತ್ತದೆ. ಹೊಸ ಹಂಗಾಮು ಶುರುವಾಗಿತ್ತು, ಸೋಮವಾರದ ಸೂಟಿ ಮಾತ್ರ ತಿರುಗಿ ಬಂದಿರಲಿಲ್ಲ. ಯಂತ್ರಗಳ ಸದ್ದು ದೂರದಿಂದಲೇ ಕೇಳುತ್ತಿತ್ತು. ಬಾಗಿಲಲ್ಲಿ ಹೊಸ ಮುಕಾದಮನೊಬ್ಬ ಹೆಣ್ಣಾಳುಗಳನ್ನು ಗದರಿಸಿ ಒಳಗೆ ಕಳಿಸುತ್ತಿದ್ದ. ಅವನ ಹೆಗಲ ಮೇಲೆ ಆಗಲೇ ಬಿಳಿ ಧೂಳು ಕೂತಿತ್ತು. ಎದುರಿನ ಬೇವಿನ ಬುಡದಲ್ಲಿ ಯಾರದೋ ಎತ್ತುಗಳು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತ ಮಲಗಿದ್ದವು.

"ಗಾಡಿ ನಿಂದರ್ಸು ಯೂನುಸ್" ಎಂದ ಕುತುಬುದ್ದೀನ.

ಯೂನುಸ್ ಅಕ್ಕನ ಮುಖ ನೋಡಿ ನಿಲ್ಲಿಸಿದ. ಯಾರೂ ಗಿರಣಿಯಿಂದ ಹೊರಗೆ ಬರಲಿಲ್ಲ. ಹೊಸ ಮುಕಾದಮ ಒಮ್ಮೆ ಈ ಕಡೆ ನೋಡಿ, ಹತ್ತಿಯ ಗಾಡಿಯಲ್ಲವೆಂದು ಗೊತ್ತಾಗಿ ಮುಖ ತಿರುಗಿಸಿದ. ಕುತುಬುದ್ದೀನ ಮೂಗಿನ ನಳಿಕೆಯನ್ನು ಕಿತ್ತು ಮಡಿಲಲ್ಲಿಟ್ಟುಕೊಂಡ. ಕಿಡಕಿಯ ಗಾಜು ಇಳಿಸಿ, ಕುತ್ತಿಗೆ ಹೊರಗೆ ಚಾಚಿ, ಕಣ್ಣು ಮುಚ್ಚಿ, ಒಳಗೆ ಹೋದಷ್ಟು ಗಾಳಿಯನ್ನು ಎಳೆದುಕೊಂಡ. ಹೆಚ್ಚೇನೂ ಹೋಗಲಿಲ್ಲ.

"ಈಗ ಹಗುರ ಆತ ನೋಡು" ಎಂದ.

ಹಸನಬಿ ಅವನ ಮೈಮೇಲಿಂದ ಕೈ ಹಾಯಿಸಿ ಗಾಜು ಏರಿಸಿದಳು.

"ಹೋಗೂಣು" ಎಂದು ತಮ್ಮನಿಗೆ ಹೇಳಿದಳು.